ಎರಡನೇ ಕಿವಿ

ಕತೆ ಅಂದುಕೊಂಡು ಕೇಳಬೇಡಿ. ಇದು ನಮ್ಮ ಭಾವನಿಗೆ ಆದದ್ದು. ಭಾವ ಅಂದರೆ ನಮ್ಮ ಅಕ್ಕನ ಗಂಡ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದಿದ್ದರೆ ಆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತಿತ್ತು.

ಆ ರಾತ್ರಿ ಹನ್ನೊಂದೂವರೆ ಇರಬೇಕು. ಭಾವ ಲಾಡ್ಜಿಗೆ ನಡೆದು ಬರುತ್ತಿದ್ದರು. ಅವರ ಕೆಲಸ ಊರೂರು ತಿರುಗಿ ತೂಕದ ಯಂತ್ರಗಳನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವುದು. ಆವತ್ತು ಒಂದು ಗೋದಾಮಿನ ಯಂತ್ರ ಸಂಜೆಯವರೆಗೂ ಸತಾಯಿಸಿ, ಕತ್ತಲಾದ ಎಷ್ಟೋ ಹೊತ್ತಿನ ಮೇಲೆ ದಾರಿಗೆ ಬಂದಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕೈಚೀಲದೊಳಗೆ ತೂಕದ ಬಟ್ಟುಗಳು ಹೆಜ್ಜೆಗೊಂದು ಸಲ ಕಿಣಿಕ್... ಕಿಣಿಕ್... ಎನ್ನುತ್ತಿದ್ದವು.

ಲಾಡ್ಜಿನ ಹಿಂಬದಿಗೆ ಒಂದು ಆಲದ ಮರ. ಅದರ ಬುಡದಲ್ಲಿ ಬಳಕೆ ತಪ್ಪಿದ ಬಾವಿ. ಅದರ ಪಕ್ಕದಲ್ಲೇ ದಾರಿ. ಭಾವ ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟು, ಬೀಡಿಯ ವಾಸನೆ ಬಂತೆಂದು ನಿಂತರು. ಚೀಲವೂ ಸುಮ್ಮನಾಯಿತು. ಆದರೆ ಹಿಂದಿನಿಂದ... ಕಿಣಿಕ್... ಕಿಣಿಕ್. ಎರಡು ಸಲ. ಬಾವಿಯೊಳಗಿಂದ.

“ಅಲ್ಲಿ ನಿಂತ್ಕೋಬೇಡಿ ಸಾರ್,” ಎಂದು ಪಿಸುಗುಟ್ಟಿದ ಲಾಡ್ಜಿನ ಕಾವಲುಗಾರ. ಬೀಡಿ ಅವನದೇ.

“ಯಾಕಪ್ಪ?”

“ಸುಮ್ನೆ.”

“ಸುಮ್ನೆ ಅಂದ್ರೆ?”

“ಇಲ್ಲಿ ಆಡಿದ್ದು ಬೇರೆ ಕಡೆ ಕೇಳಿಸುತ್ತೆ... ಬೇರೆ ಕಡೆ ಆಡಿದ್ದು ಇಲ್ಲಿ ಕೇಳಿಸುತ್ತೆ. ನೀವು ಒಳಗೆ ನಡೀರಿ.”

ಬೇರೆ ಯಾರಾದರೂ ಆಗಿದ್ದರೆ ರೂಮಿಗೆ ಹೋಗಿ ಮುಸುಕು ಹಾಕಿಕೊಂಡು ಮಲಗುತ್ತಿದ್ದರು. ನಮ್ಮ ಭಾವನಿಗೆ ಖುಷಿಯಾಯಿತು ಅಂದರೆ ನಂಬುತ್ತೀರಾ. ಅವರಿಗಿದ್ದ ಹುಚ್ಚೇ ಅಂಥದ್ದು.

ಆ ಹುಚ್ಚು ಏನೆಂದರೆ ದೂರದ ರೇಡಿಯೋ ಸ್ಟೇಷನ್ ಹಿಡಿಯುವುದು. ಹಾಡಿಗಲ್ಲ, ಸುದ್ದಿಗಲ್ಲ. ಭಾಷೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಎಷ್ಟು ದೂರದ್ದು, ಎಷ್ಟು ಸಣ್ಣದು ಕಿವಿಗೆ ಬಿತ್ತು ಅನ್ನುವುದೇ ಸಂತೋಷ. ಮನೆಯಲ್ಲಿ ಅಕ್ಕ ಬಿಡುತ್ತಿರಲಿಲ್ಲ, ಹಾಗಾಗಿ ಪರಊರಿಗೆ ಹೋದಾಗ, ಇಲ್ಲವೇ ಗೆಳೆಯನ ಅಂಗಡಿಯಲ್ಲಿ ಕೂತಾಗ ಮಾತ್ರ ಇದು. ಕಿಟಕಿಯಿಂದ ಉದ್ದದ ತಂತಿಯನ್ನು ಹೊರಗೆ ಎಸೆದು, ಈ ತುದಿಯನ್ನು ಪುಟ್ಟ ರೇಡಿಯೋಗೆ ಸಿಕ್ಕಿಸಿ, ಇಯರ್‌ಫೋನ್ ಹಾಕಿಕೊಂಡು, ಮುಳ್ಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತ ಕೂರುವುದು. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹೊತ್ತೆಷ್ಟು, ಧ್ವನಿ ಎಷ್ಟು, ಗದ್ದಲ ಎಷ್ಟು. ಎಲ್ಲಕ್ಕೂ ಒಂದರಿಂದ ಐದರವರೆಗೆ ಅಂಕ. ಐದು ಅಂದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಒಂದು ಅಂದರೆ ಇದೆಯೋ ಇಲ್ಲವೋ ಅನ್ನುವಷ್ಟು.

ಇದನ್ನು ಹಚ್ಚಿದವನು ಅವರ ಜೀವದ ಗೆಳೆಯ, ಗಡಿಯಾರ ರಿಪೇರಿಯವನು. ಸಣಕಲು ಮನುಷ್ಯ. ಊರೆಲ್ಲ ಅವನನ್ನು ಸೂಜಿ ಎನ್ನುತ್ತಿತ್ತು, ಅವನು ಭಾವನನ್ನು ತಕ್ಕಡಿ ಎನ್ನುತ್ತಿದ್ದ. ಇಬ್ಬರಿಗೂ ಒಂದು ಕಟ್ಟುಪಾಡಿತ್ತು. ನೋಟ್‌ಬುಕ್ಕಿನ ಕೊನೆಯ ಕಾಲಮ್ಮಿನ ಹೆಸರು ‘ಎರಡನೇ ಕಿವಿ’. ಒಬ್ಬ ಹಿಡಿದ ಸ್ಟೇಷನ್ನನ್ನು ಇನ್ನೊಬ್ಬ ತನ್ನ ಕಿವಿಯಿಂದ ಕೇಳಿ ಅಲ್ಲಿ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಅದು ಕೇಳಿದ್ದೇ ಅಲ್ಲ.

ಒಂದು ದಿನ ಸೂಜಿ ತನ್ನ ಅಂಗಡಿಯಲ್ಲಿ ಭಾವನ ರೇಡಿಯೋದಲ್ಲೇ ಏನೋ ಹಿಡಿದ. “ಬಾರೋ ತಕ್ಕಡಿ, ಯಾರೋ ಮಾತಾಡ್ತಿದಾರೆ, ಬಹಳ ದೂರ,” ಎಂದು ಇಯರ್‌ಫೋನ್ ಕೊಟ್ಟ. ಮುಳ್ಳು ನಿಂತ ಜಾಗದಲ್ಲಿ ಉಗುರಿನಿಂದ ಒಂದು ಗೀಟು ಹಾಕಿದ. ಭಾವ ಹತ್ತು ನಿಮಿಷ ಕಣ್ಣು ಮುಚ್ಚಿ ಕೇಳಿದರು. ಸುಸ್ಸ್... ಎನ್ನುವ ಸದ್ದು, ಅಷ್ಟೇ.

“ಏನೂ ಇಲ್ವಲ್ಲೋ. ಬರೀ ಸುಸ್ಸ್.”

“ಸರಿಯಾಗಿ ಕೇಳು.”

“ಕೇಳದೇ ಇರೋದನ್ನ ಕೇಳ್ದೆ ಅಂತ ಸಹಿ ಹಾಕಲ್ಲಪ್ಪ.”

ಸೂಜಿಯ ಮುಖ ಚಿಕ್ಕದಾಯಿತು. “ನೀನು ಸುಸ್ಸ್ ಅನ್ನೋದನ್ನ ಕಸ ಅಂತ ಆಚೆ ತಳ್ತೀಯ. ಅದನ್ನೂ ಕೇಳ್ಬೇಕು ಕಣೋ,” ಎಂದ. ಮಾತಿಗೆ ಮಾತು ಬೆಳೆಯಿತು, ಮಾತು ನಿಂತೂ ಹೋಯಿತು. ಎಂಟು ತಿಂಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ಸೂಜಿ ಅಂಗಡಿಯ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ. ಹೃದಯ ನಿಂತಿತ್ತು. ಭಾವ ಆಗ ಪರಊರಲ್ಲಿದ್ದರು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಅಳಲಿಲ್ಲ. ಒಂದು ಸಹಿ, ಒಂದು ಸಹಿ ಎಂದು ನಿದ್ದೆಯಲ್ಲಿ ಕನವರಿಸುತ್ತಿದ್ದರಂತೆ, ಅಕ್ಕ ಹೇಳುತ್ತಿದ್ದಳು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಅಕ್ಕನ ಮನೆಯ ಗೋಡೆ ಗಡಿಯಾರ ಸೂಜಿ ಮದುವೆಗೆ ಕೊಟ್ಟದ್ದು. ಅದಕ್ಕೊಂದು ರೋಗವಿತ್ತು. ಗಂಟೆ ಹೊಡೆದು ಮುಗಿಸಿದ ಮೇಲೆ ಒಳಗೆ ಏನೋ ಉಜ್ಜಿದಂತೆ ಒಂದು ‘ಕರ್ರ್’. “ಚಕ್ರದ ಒಂದು ಹಲ್ಲಿಗೆ ಅರ ಹಾಕಿ ಉಜ್ಜಿದ್ರೆ ಆಯ್ತು, ಬರ್ತೀನಿ ಅತ್ತಿಗೆ,” ಎಂದು ಆರು ವರ್ಷ ಹೇಳಿದ. ಬರಲಿಲ್ಲ. ಅಕ್ಕನ ಮಗಳು ಪಾಪು, ಮೂರು ವರ್ಷದವಳು, ಗಂಟೆ ಹೊಡೆದಾಗೆಲ್ಲ ಗಡಿಯಾರದ ಜೊತೆಗೇ ‘ಕರ್ರ್’ ಎಂದು ನಗುತ್ತಿದ್ದಳು.

ಇರಲಿ. ಲಾಡ್ಜಿಗೆ ಬರೋಣ.

ರೂಮು ಮೊದಲನೇ ಮಹಡಿ, ಹಿಂಬದಿಯದು. ಕಬ್ಬಿಣದ ಮಂಚ, ಒಂದು ಕುರ್ಚಿ, ಬಚ್ಚಲಲ್ಲಿ ಸೋರುವ ನಲ್ಲಿ. ಭಾವ ತಂತಿಯ ತುದಿಗೆ ಐವತ್ತು ಗ್ರಾಮಿನ ಬಟ್ಟು ಕಟ್ಟಿ ಕಿಟಕಿಯಿಂದ ಬೀಸಿದರು. ಅದು ಆಲದ ಕೊಂಬೆ ದಾಟಿ ಆಚೆ ಇಳಿಯಿತು. ಸರ್ರ್... ಎಂದು ತಂತಿ ಇಳಿಯುತ್ತಲೇ ಹೋಯಿತು. ಆಮೇಲೆ ಕೆಳಗೆಲ್ಲೋ ‘ಡುಬುಕ್’. ಬಾವಿಗೆ ಬಿದ್ದಿತ್ತು. ಎಳೆದರೆ ಬರಲಿಲ್ಲ. ಇದ್ದರೆ ಇರಲಿ ಎಂದು ದೀಪ ಆರಿಸಿ ಇಯರ್‌ಫೋನ್ ಹಾಕಿಕೊಂಡರು.

ರಾತ್ರಿ ಒಂದೂವರೆಯವರೆಗೆ ಹೇಳುವಂಥದ್ದು ಏನೂ ಸಿಗಲಿಲ್ಲ. ಎಲ್ಲೋ ಯಾರೋ ಹಾಡಿದರು, ಯಾರೋ ಹವಾಮಾನ ಓದಿದರು. ಒಂದೂ ನಲವತ್ತರ ಸುಮಾರಿಗೆ ಮುಳ್ಳು ಆ ಉಗುರಿನ ಗೀಟಿನ ಹತ್ತಿರ ಬಂತು. ಸಾಮಾನ್ಯವಾಗಿ ಭಾವ ಅದನ್ನು ದಾಟಿಸಿಬಿಡುತ್ತಿದ್ದರು. ಆವತ್ತು ಕೈ ನಿಂತಿತು.

ಸುಸ್ಸ್...

ಅದರ ಒಳಗಿಂದ ಒಂದು ಧ್ವನಿ. ಏರಿಳಿತವಿಲ್ಲದ್ದು. ಪಟ್ಟಿ ಓದುವ ಧ್ವನಿ.

“...ನಲ್ಲಿ ಸೋರುತ್ತಿದೆ. ಧ್ವನಿ ಮೂರು... ಮಂಚ ಕಿರುಗುಟ್ಟುತ್ತಿದೆ. ಎರಡು... ಒಬ್ಬ ಗಂಡಸಿನ ಉಸಿರು. ನಾಲ್ಕು...”

ನಮ್ಮ ಭಾಷೆ. ಭಾವ ಕಿವಿ ನಿಮಿರಿಸಿದರು. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿತು. ಟಪ್.

“...ನಲ್ಲಿ. ಮೂರು.”

ಮತ್ತೆ ಟಪ್.

“...ನಲ್ಲಿ. ಮೂರು.”

ಅವರು ತೂಕದವರು, ಪರೀಕ್ಷೆ ಮಾಡದೆ ನಂಬುವ ಜಾಯಮಾನವಲ್ಲ. ಪಕ್ಕದ ರೂಮಿನಲ್ಲಿ ಯಾರೋ ಕಿಡಿಗೇಡಿ ಏನೋ ಯಂತ್ರ ಇಟ್ಟುಕೊಂಡು ಆಟ ಆಡಿಸುತ್ತಿರಬಹುದು ಎಂದುಕೊಂಡರು. ಉಸಿರು ಬಿಗಿಹಿಡಿದರು.

“...ಉಸಿರು ಇಲ್ಲ.”

ಬೆರಳ ತುದಿಯಿಂದ ಮಂಚದ ಕಂಬಿಯನ್ನು ಎರಡು ಸಲ ಮುಟ್ಟಿದರು. ಬಡಿಯಲಿಲ್ಲ, ಮುಟ್ಟಿದರು ಅಷ್ಟೇ. ಅವರಿಗೇ ಕೇಳಿಸಲಿಲ್ಲ.

“...ಕಬ್ಬಿಣ. ಎರಡು ಸಲ. ಧ್ವನಿ ಒಂದು.” ಆಮೇಲೆ, “ತಕ್ಕಡಿ... ಉಸಿರು ಬಿಡು.”

ಆ ಹೆಸರು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಭಾವ ಇಯರ್‌ಫೋನ್ ಕಿತ್ತು ಬಿಸಾಡಬೇಕೆಂದುಕೊಂಡರು, ಕೈ ಮೇಲೇಳಲಿಲ್ಲ. ರೇಡಿಯೋವನ್ನಾದರೂ ಆರಿಸೋಣವೆಂದರೆ ಅದೂ ಆಗಲಿಲ್ಲ. ಭಯ ಒಂದು ಕಡೆ. ಇನ್ನೊಂದು ಕಡೆ... ಎಂಟು ತಿಂಗಳು ಬಿಟ್ಟ ಮಾತು.

“ಸೂಜಿ,” ಎಂದರು, ಗಂಟಲಲ್ಲೇ. “ಎಲ್ಲಿದೀಯೋ?”

ಸುಸ್ಸ್... ಹಾಗೇ ಹರಿಯುತ್ತಿತ್ತು.

“ಸಹಿ ಹಾಕ್ತೀನಿ ಕಣೋ. ತಪ್ಪಾಯ್ತು.”

ಟಕ್. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಮಾಡುವ ಸದ್ದು. ಸೂಜಿ ಮುಖ್ಯವಾದ ಅಂಕ ಹೇಳುವ ಮೊದಲು ಹಾಗೆ ಮಾಡುತ್ತಿದ್ದ.

“ಇನ್ನೊಂದು ಸ್ಟೇಷನ್,” ಎಂದಿತು ಧ್ವನಿ. “ಬರ್ಕೋ.”

ಭಾವ ಕತ್ತಲಲ್ಲೇ ಪೆನ್ಸಿಲ್ ಹುಡುಕಿದರು. ಅಭ್ಯಾಸ ನೋಡಿ, ಆ ಹೊತ್ತಿನಲ್ಲೂ.

“ಹೆಂಗಸಿನ ಉಸಿರು. ಎರಡು. ಇಳಿಯುತ್ತಿದೆ... ಮಗುವಿನ ಉಸಿರು. ಒಂದೂವರೆ. ಇಳಿಯುತ್ತಿದೆ... ಗದ್ದಲ, ಸುಸ್ಸ್ ಅಂತ. ಐದು. ರೇಡಿಯೋದ್ದಲ್ಲ.”

“ಯಾವ ಸ್ಟೇಷನ್ನೋ ಅದು?”

ಮಾತಿಗೆ ಬದಲಾಗಿ ಸದ್ದುಗಳೇ ಬಂದವು. ಮೊದಲು ಒಂದು ಉಸಿರು, ಮೂಗು ಕಟ್ಟಿದ್ದು, ಗೊರ್... ಗೊರ್... ಎನ್ನುವುದು. ಅದರ ಪಕ್ಕದಲ್ಲಿ ತೆಳ್ಳನೆ ಇನ್ನೊಂದು. ನಡುವೆ ಬಿಡುವು ಉದ್ದವಾಗುತ್ತಿತ್ತು. ಹಿಂದೆ ಒಂದೇ ಸಮನೆ ಸುಸ್ಸ್... ರೇಡಿಯೋದ ಸುಸ್ಸ್ ಏಳುತ್ತದೆ, ಬೀಳುತ್ತದೆ. ಇದು ಏಳಲೂ ಇಲ್ಲ, ಬೀಳಲೂ ಇಲ್ಲ. ಸಣ್ಣ ತೂತಿನಿಂದ ಏನೋ ನುಗ್ಗಿ ಬರುವ ಸದ್ದು.

ಯಾರ ಮನೆ? ಊರಲ್ಲಿ ಎಷ್ಟು ಹೆಂಗಸರಿಲ್ಲ, ಎಷ್ಟು ಮಕ್ಕಳಿಲ್ಲ. ಭಾವ ಕೈಗಡಿಯಾರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡಕ್ಕೆ ಅರ್ಧ ನಿಮಿಷ ಬಾಕಿ. ಇಂಥ ಹೊತ್ತಿನಲ್ಲಿ ಕಾಯಬೇಕು ಅನ್ನುವುದು ಅವರಿಬ್ಬರೂ ಕಲಿತ ಪಾಠ. ಗಂಟೆ ತುಂಬಿದಾಗ ಪ್ರತಿ ಸ್ಟೇಷನ್ನೂ ತನ್ನ ಗುರುತಿನ ಸದ್ದು ಹಾಕುತ್ತದೆ. ಅದರಿಂದಲೇ ಇದು ಇಂಥ ಊರಿನದು ಅಂತ ತಿಳಿಯುವುದು.

ಕಾದರು.

ಠಣ್...

ಠಣ್...

ಕರ್ರ್.

ಭಾವ ಎದ್ದದ್ದು ಅವರಿಗೇ ಗೊತ್ತಿಲ್ಲ. ಅದು ಅವರ ಮನೆ. ಅವರ ಗೋಡೆ. ಮೂಗು ಕಟ್ಟಿದ ಉಸಿರು ಅಕ್ಕನದು. ಎರಡು ದಿನದಿಂದ ಅವಳಿಗೂ ಪಾಪುವಿಗೂ ನೆಗಡಿ, ವಾಸನೆಯೇ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು. ಚಳಿಗೆ ಕಿಟಕಿಗಳೆಲ್ಲ ಭದ್ರ. ರಾತ್ರಿ ಗ್ಯಾಸ್ ಸಿಲಿಂಡರಿನ ಗುಂಡಿ ತಿರುಗಿಸಿ ಮುಚ್ಚುವುದು ಯಾವಾಗಲೂ ಭಾವನ ಕೆಲಸ. ಅವರು ಊರಲ್ಲಿಲ್ಲದಾಗ ಅಕ್ಕ ಮರೆಯುತ್ತಾಳೆ. ಮತ್ತೆ ಅವಳಿಗೊಂದು ಅಭ್ಯಾಸ. ರಾತ್ರಿ ಎಚ್ಚರವಾದರೆ ಮೊದಲು ಅಡುಗೆಮನೆಗೆ ಹೋಗಿ ದೀಪದ ಸ್ವಿಚ್ ಒತ್ತುವುದು, ನೀರು ಕುಡಿಯುವುದು. ಒಂದು ಕಿಡಿ ಸಾಕು. ಮನೆಗೆ ಫೋನ್ ಮಾಡಿದರೆ ಅವಳೇ ಎದ್ದು ದೀಪ ಹಾಕುತ್ತಾಳೆ.

ಕೆಳಗೆ ಓಡಿದರು. ಕೈಚೀಲ ಯಾಕೆ ಹಿಡಿದುಕೊಂಡು ಹೋದರೋ. ಲಾಡ್ಜಿನ ಫೋನಿನ ಡಯಲ್ಲಿಗೆ ಪುಟ್ಟ ಬೀಗ ಹಾಕಿತ್ತು.

“ಕೀಲಿ ಕೊಡಪ್ಪ, ಬೇಗ.”

“ಯಜಮಾನ್ರ ಹತ್ರ ಇದೆ ಸಾರ್. ಬೆಳಿಗ್ಗೆ...” ಕಾವಲುಗಾರ ಭಾವನ ಮುಖ ನೋಡಿ ದನಿ ಇಳಿಸಿದ. “ಏನಾದ್ರೂ ಕೇಳಿಸ್ತಾ?”

ಭಾವ ಒಂದು ಕ್ಷಣ ನಿಂತರು. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಸತ್ತವನ ಮಾತು, ಬಾವಿಗೆ ಬಿದ್ದ ತಂತಿ. ಇದನ್ನು ನಂಬಿ ಪರರ ಸೊತ್ತು ಒಡೆಯುವುದೇ? ಸಾಕ್ಷಿ ಎಲ್ಲಿ? ಎರಡನೇ ಕಿವಿ ಎಲ್ಲಿ? ಜನ್ಮದಲ್ಲಿ ಮೊದಲ ಸಲ ಅವರು ಅದನ್ನು ಕಾಯಲಿಲ್ಲ. ಚೀಲದಿಂದ ಸರಕಾರಿ ಮುದ್ರೆಯ ಒಂದು ಕಿಲೋ ಬಟ್ಟು ತೆಗೆದು ಬೀಗಕ್ಕೆ ಬಡಿದರು. ಮೂರನೇ ಏಟಿಗೆ ಬೀಗ ಹಾರಿತು. ಬಟ್ಟಿನ ಅಂಚು ಜಜ್ಜಿ ಹೋಯಿತು.

ಫೋನ್ ಬಂದದ್ದು ನನಗೆ. ಪಕ್ಕದ ಮನೆಯವನಲ್ಲವೇ, ಅದಕ್ಕೆ.

“ಮಾತಾಡ್ಬೇಡ, ಕೇಳು,” ಎಂದರು ಭಾವ. “ಕೀಲಿ ತಗೊಂಡು ನಮ್ಮನೆಗೆ ಹೋಗು. ದೀಪ ಹಾಕ್ಬೇಡ. ಬೆಂಕಿಕಡ್ಡಿ ಗೀರ್ಬೇಡ. ಟಾರ್ಚೂ ಬೇಡ. ಗ್ಯಾಸು. ಕಿಟಕಿ ತೆಗಿ. ಪಾಪೂನ ಮೊದ್ಲು ಆಚೆ ತಗೊಂಡ್ಬಾ.”

“ಯಾರು ಹೇಳಿದ್ರು ಭಾವ?”

“ಹೋಗೋ.”

ರಿಸೀವರನ್ನು ಮೇಜಿನ ಮೇಲೆ ಹಾಗೇ ಮಲಗಿಸಿ ಓಡಿದೆ. ಆ ಕಡೆ ಭಾವ ಮತ್ತೆ ಕಿವಿಯಾದರು. ಅವರ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಸ್ಟೇಷನ್ನನ್ನೂ ಕೇಳಿಲ್ಲವಂತೆ. ಫೋನಿನೊಳಗೆ ಮೊದಲು ನಮ್ಮ ಮನೆಯ ಬಾಗಿಲ ಚಿಲಕ. ಕಟಕ್. ಬರಿಗಾಲಿನ ಸದ್ದು, ಥಪ್ ಥಪ್ ಥಪ್, ದೂರವಾಯಿತು. ಆಮೇಲೆ ಏನೂ ಇಲ್ಲ... ಏನೂ ಇಲ್ಲ... ಗೋಡೆಯ ಆಚೆ ಕಿಟಕಿಯೊಂದು ಧಡ್ ಎಂದಿತು. ಇನ್ನೊಂದು ಧಡ್. ಮತ್ತೆ ಏನೂ ಇಲ್ಲ. ಪಕ್ಕದಲ್ಲಿ ನಿಂತ ಕಾವಲುಗಾರನ ಉಸಿರು ಕೇಳುತ್ತಿತ್ತು, ಅದನ್ನೂ ತಡೆಯಲು ಭಾವ ಕೈ ಎತ್ತಿ ತೋರಿಸಿದರು.

ಎಷ್ಟು ಹೊತ್ತೋ. ಅವರಿಗೆ ಒಂದು ರಾತ್ರಿಯಷ್ಟು ಅನಿಸಿತಂತೆ, ನಿಜಕ್ಕೂ ನಾಲ್ಕು ನಿಮಿಷ.

ಆಮೇಲೆ ಪಾಪು ಅತ್ತಳು. ಅಂಗಳದಲ್ಲಿ, ಚಳಿಗೆ, ಇಡೀ ಬೀದಿ ಏಳುವ ಹಾಗೆ ಅತ್ತಳು. ಅಂಕ ಕೊಡುವುದಾದರೆ ಐದು. ಭಾವ ರಿಸೀವರ್ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಸೂಜಿ ಹೋದಾಗ ಬಾರದ ಅಳು ಆಗ ಬಂತು.

ಸಿಲಿಂಡರಿನ ರಬ್ಬರ್ ಟ್ಯೂಬನ್ನು ಇಲಿ ಕಡಿದಿತ್ತು. ಗುಂಡಿ ತಿರುಗಿಸುವಾಗ ನನ್ನ ಕೈಗೇ ತಣ್ಣಗೆ ಗಾಳಿ ಹೊಡೆಯಿತು. ಸದ್ದು ಕೇಳಿದ್ದೇನೆ. ಸುಸ್ಸ್ ಅಂತಲೇ ಇತ್ತು. ಅಕ್ಕನನ್ನು ಎರಡು ಸಲ ಅಲುಗಾಡಿಸಿದ ಮೇಲೆ ಕಣ್ಣು ಬಿಟ್ಟಳು. ಬಿಟ್ಟ ಕೂಡಲೇ ಅವಳ ಕೈ ಸ್ವಿಚ್ಚಿನ ಕಡೆಗೆ ಹೋಯಿತು. ನಾನು ಹಿಡಿದುಕೊಂಡೆ.

ಭಾವ ಮತ್ತೆ ಲಾಡ್ಜಿನ ರೂಮಿಗೆ ಹೋದಾಗ ರೇಡಿಯೋ ಇನ್ನೂ ಹಚ್ಚಿಯೇ ಇತ್ತಂತೆ. ಆ ಗೀಟಿನ ಮೇಲೆ ಬರೀ ಸುಸ್ಸ್. ಭಾವ ಬೆಳಕು ಹರಿಯುವವರೆಗೂ ಕೇಳಿದರು. ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ತಂತಿ ಎಳೆದರೆ ಸಲೀಸಾಗಿ ಬಂತು.

ಆ ದಿನವೇ ಸಂಜೆ ಊರಿಗೆ ಬಂದವರು ಮೊದಲು ಮನೆಗೆ ಬಂದು ಪಾಪುವನ್ನು ಎತ್ತಿಕೊಂಡರು. ಎದೆಗೊತ್ತಿಕೊಂಡರು. ಅಷ್ಟರಲ್ಲಿ ಆರು ಹೊಡೆಯಿತು. ಆರಾದ ಮೇಲೆ ಕರ್ರ್. ಪಾಪುವೂ ಕರ್ರ್ ಎಂದಳು. ಭಾವ ಅವಳನ್ನು ನನ್ನ ಕೈಗೆ ಕೊಟ್ಟು ಸೂಜಿಯ ಅಂಗಡಿಗೆ ಹೋದರು. ಈಗ ಅಲ್ಲಿ ಅವನ ತಂಗಿ ಕೂರುತ್ತಾಳೆ, ಕೈಗಡಿಯಾರದ ಪಟ್ಟಿ ಮಾರುತ್ತಾಳೆ.

“ಅವನ ನೋಟ್‌ಬುಕ್ ಇದ್ಯೇನಮ್ಮ?”

ಅವಳು ತೆಗೆದುಕೊಟ್ಟಳು. ಭಾವ ಆ ಪುಟ ಹುಡುಕಿದರು. ಸೂಜಿ ಎಲ್ಲ ತುಂಬಿದ್ದ. ಹೊತ್ತು, ಅಂಕ, ‘ಯಾರೋ ಮಾತಾಡುತ್ತಿದ್ದಾರೆ, ಬಹಳ ದೂರ’. ಕೊನೆಯ ಕಾಲಮ್ಮು ಮಾತ್ರ ಖಾಲಿ.

“ಆವತ್ತು ನಿಮಗೂ ಕೇಳಿಸಿತ್ತಾ ಅಣ್ಣ?” ಎಂದಳು ತಂಗಿ.

“ಆವತ್ತು ಇಲ್ಲಮ್ಮ. ನಿನ್ನೆ ರಾತ್ರಿ ಕೇಳಿಸ್ತು.”

ಸಹಿ ಹಾಕಿದರು. ಕೆಳಗೆ ನಿಜವಾದ ತಾರೀಕನ್ನೇ ಬರೆದರು. ಅಷ್ಟರ ಮಟ್ಟಿಗೆ ತಕ್ಕಡಿ ತಕ್ಕಡಿಯೇ. ಜಜ್ಜಿದ ಆ ಒಂದು ಕಿಲೋ ಬಟ್ಟನ್ನೂ ತೂಕ ತಪ್ಪಿದೆಯೆಂದು ಆಮೇಲೆ ತಾವೇ ತಿರಸ್ಕರಿಸಿದರು.

ಅವರು ವಾಪಸು ಬಂದು ಚಪ್ಪಲಿ ಬಿಡುವಾಗ ಏಳು ಹೊಡೆಯುತ್ತಿತ್ತು. ಅಕ್ಕ, ನಾನು, ಪಾಪು, ಎಲ್ಲರೂ ಅಲ್ಲೇ ಇದ್ದೆವು. ನಾನೇ ಎಣಿಸಿದ್ದೇನೆ. ಐದು... ಆರು... ಏಳು. ಪಾಪು ಬಾಯಿ ತೆರೆದುಕೊಂಡು ಕಾದಳು. ನಾವೂ ಕಾದೆವು.

ಏನೂ ಬರಲಿಲ್ಲ.

ಅಕ್ಕ ಕುರ್ಚಿ ಹತ್ತಿ ಗಡಿಯಾರ ಇಳಿಸಿ ಅದರ ಹಿಂದಿನ ಮುಚ್ಚಳ ತೆಗೆದಳು. ಒಳಗೆ ಚಕ್ರಗಳ ಮುಂದೆ ಅಡ್ಡಡ್ಡ ಜೇಡರ ಬಲೆ, ವರ್ಷಗಳ ಧೂಳು. ಒಂದು ಎಳೆಯೂ ಹರಿದಿರಲಿಲ್ಲ. ಒಂದು ಚಕ್ರದ ಒಂದು ಹಲ್ಲು ಮಾತ್ರ, ಈಗಷ್ಟೇ ಅರ ಹಾಕಿದಂತೆ, ಹೊಳೆಯುತ್ತಿತ್ತು. ನಂಬದಿದ್ದರೆ ಬಿಡಿ. ಗಡಿಯಾರ ಇನ್ನೂ ಅದೇ ಗೋಡೆಯ ಮೇಲಿದೆ, ಗಂಟೆ ಹೊಡೆಯುವಾಗ ಬಂದು ಕೇಳಿ.